ಹವಾಲ್ದಾರರು ಇಟ್ಟ ಹೂ

ಅರಬ್ ನಾಡಿನ ಮದೀನತ್ ಖಲೀಫಾ ಬಡಾವಣೆಯ ಆ ಮನೆಯ ಹಿಂದಿನ ಕೋಣೆಯಲ್ಲಿ ನಾವು ಮೂವರಿದ್ದೆವು: ಅರಬ್ಬಿ ಯಜಮಾನರು, ಅವರ ಕಾರು ಓಡಿಸುತ್ತಿದ್ದ ನಾನು, ಅವರ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದ ಕೊಡಗಿನ ಮಾಜಿ ಹವಾಲ್ದಾರರು. ಮೇಜಿನ ಮೇಲೆ ಆಗಷ್ಟೇ ಕೊಂಡು ತಂದ ಸೆಮಿ ಆಟೊಮ್ಯಾಟಿಕ್ ರೈಫಲ್.

"ಬಿಚ್ಚಿ ನೋಡುವ," ಅಂದರು ಹವಾಲ್ದಾರರು. ಮಿಕ್ಸಿ ತಂದರೂ ಅವರದು ಇದೇ ಮಾತು.

"ಹೊಸದಲ್ವಾ ಹವಾಲ್ದಾರ್ರೆ?" ಅಂದೆ ನಾನು.

"ಹೊಸದು ಅಂದ್ರೆ ಇನ್ನೂ ಯಾರೂ ನೋಡ್ಲಿಲ್ಲ ಅಂತ, ಮಾರಾಯ."

ಬಿಡಿಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಕಂಪನಿಯವರು ಬಳಿದಿದ್ದ ಗ್ರೀಸನ್ನೆಲ್ಲ ಒರೆಸಿದರು. ಎಣ್ಣೆ ಹಾಕುವಾಗ ಮಾತ್ರ ಕೈ ಬಿಗಿ. ಜಾಸ್ತಿಯಾದರೆ ಈ ಊರಿನ ಮರಳು ಅಂಟುತ್ತದೆ.

ಎಲ್ಲ ಜೋಡಿಸಿದ ಮೇಲೆ, ಯಜಮಾನರು ಫೋನು ಬಂದು ಹೊರಗೆ ಹೋಗಿದ್ದಾಗ, ಹವಾಲ್ದಾರರು ಅಂಗಳದ ಬಳ್ಳಿಯಿಂದ ಕಾಗದದ ಹೂವೊಂದನ್ನು ತಂದು ನಳಿಗೆಯ ಬಾಯಿಗೆ ಸಿಕ್ಕಿಸಿ ಕೈಮುಗಿದರು. ಅಂದು ಕೈಲ್‌ಪೋದ್, ಅವರ ಕಡೆ ಬಂದೂಕಿಗೆ ಹೂವಿಡುವ ಹಬ್ಬ.

"ಯಲ್ಲಾ, ಗುರಿ ಹೊಡೆಯೋಕೆ ಹೊರಡೋಣ," ಎಂದು ಅರಬ್ಬಿಯಲ್ಲಿ ಹೇಳುತ್ತ ಬಂದ ಯಜಮಾನರು ಹೂವನ್ನು ಕಿತ್ತರು. ಎಸಳೊಂದು ಒಳಗೇ ಉಳಿಯಿತು. ಕೆಲಸ ಹೋಯಿತೆಂದು ಹವಾಲ್ದಾರರ ಮುಖ ಬಿಳುಚಿಕೊಂಡಿತು. ಆದರೂ ನನಗಂದರು, "ನಳಿಗೇಲಿ ಎಸಳು ಸಿಕ್ಕಿದೆ, ಈಗ ಹೊಡೆದ್ರೆ ಅಪಾಯ, ಹೊಡೀಬಾರದು ಅಂತ ಹೇಳು. ತಪ್ಪು ನಂದೇ ಅಂತಾನೂ ಹೇಳು." ನಾನು ಹಬ್ಬದ ವಿಷಯವನ್ನೂ ಸೇರಿಸಿ ಅರಬ್ಬಿಯಲ್ಲಿ ಹೇಳಿದೆ.

ಯಜಮಾನರು ರೈಫಲನ್ನು ಮತ್ತೆ ಬಿಳಿ ಬಟ್ಟೆಯ ಮೇಲಿಟ್ಟರು. ಆಮೇಲೆ, ಕೇಳಿ ಕೇಳಿ ಬಾಯಿಗೆ ಬಂದಿದ್ದ ತಮ್ಮ ಒಂದೇ ಕನ್ನಡದ ಮಾತನ್ನು ಆಡಿದರು: "ಬಿಚ್ಚಿ ನೋಡುವ."

ಮರುವರ್ಷದ ಹೊತ್ತಿಗೆ ಹವಾಲ್ದಾರರು ಊರಿಗೆ ಮರಳಿದ್ದರು. ಹಬ್ಬ ಯಾವ ದಿನವೆಂದು ಯಜಮಾನರು ನನ್ನಿಂದ ಅವರಿಗೆ ಫೋನು ಮಾಡಿಸಿ ತಿಳಿದುಕೊಂಡರು. ಅಂದು ತಾವೇ ಒಂದು ಕಾಗದದ ಹೂವಿಟ್ಟರು, ನಳಿಗೆಯೊಳಗಲ್ಲ, ರೈಫಲಿನ ಮುಚ್ಚಿದ ಪೆಟ್ಟಿಗೆಯ ಮೇಲೆ.