ಬೇಲಿಯ ಬುಡದ ಶಲಗಮ್

ಹಿತ್ತಲಿನ ಶಲಗಮ್ ಗಡ್ಡೆ ಕೆಟ್ಟದ್ದು ನನ್ನ ರೊಟ್ಟಿಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಂಟು ದಿನ ನಾನು ಬೇರೆಯದನ್ನೇ ಹೇಳಿಕೊಂಡು ತಿರುಗಿದ್ದೇನೆ.

ಮೊಮ್ಮಗನ ಹೆಂಡತಿ ಸವಿತಾ ಆಲಮೇಲದ ಕಡೆಯವಳು. ದೀಪಾವಳಿಗೆ ತವರಿಗೆ ಹೋದವಳು ಕರ್ಚೀಫಿನಲ್ಲಿ ಅದರ ಬೀಜ ಕಟ್ಟಿಕೊಂಡು ಬಂದಳು. ಹೊಳೆದಂಡೆಯ ಹೊಲದಲ್ಲಿ ಬೆಳೆದು ಅವಳ ತಾಯಿ ಕಾದಿಟ್ಟ ಬೀಜ. ಸಾಸಿವೆಗಿಂತ ಸಣ್ಣದು. ಇದರಿಂದ ಮುಷ್ಟಿಗಾತ್ರದ ಗಡ್ಡೆ ಬರುತ್ತದೆ ಎಂದಾಗ ನಾನು ನಕ್ಕೆ. ನಮ್ಮ ದೇವರ ಹಿಪ್ಪರಗಿಯ ಎರೆಮಣ್ಣು ಜೋಳಕ್ಕೆ, ತೊಗರಿಗೆ ಸರಿ, ಗಡ್ಡೆ ಇದರಲ್ಲಿ ಉಸಿರಾಡುವುದಿಲ್ಲ ಎಂದೆ. ಆದರೂ ಅವಳು ಬಚ್ಚಲ ನೀರು ಹರಿಯುವಲ್ಲಿ, ಬೇಲಿಯ ಬುಡದವರೆಗೆ ಮಡಿ ಮಾಡಿ ಊರಿದಳು.

ಎಲೆ ಬಂದವು, ಎಳೆಯ ಎಲೆ. ಚಳಿಗಾಲದಲ್ಲಿ ರೊಟ್ಟಿಯ ಜೊತೆ ಹಸಿ ಸೊಪ್ಪಿಲ್ಲದಿದ್ದರೆ ನಮಗೆ ಊಟ ಊಟವೇ ಅಲ್ಲ. ಹಕ್ಕರಕಿ, ಮೆಂತ್ಯೆ, ಮೂಲಂಗಿ ಎಲೆ, ಯಾವುದಾದರೂ ಕಿತ್ತು ತೊಳೆದು ಕುಟ್ಟಿದ ಖಾರದ ಶೇಂಗಾಹಿಂಡಿಯೊಡನೆ ತಿನ್ನುವವರು ನಾವು. ಹಕ್ಕರಕಿ ಕಿತ್ತಷ್ಟೂ ಚಿಗುರುತ್ತದೆ. ಇದೂ ಹಾಗೇ ಎಂದುಕೊಂಡು ಸಾಲಿನುದ್ದಕ್ಕೂ ಕೈಯಾಡಿಸಿ ದಿನಾ ಒಂದು ಹಿಡಿ ಕಿತ್ತೆ. ಸವಿತಾ ನೋಡಿದಳು, ಹಿರಿಯರ ತಾಟಿಗೆ ಅಡ್ಡ ಬರಲಿಲ್ಲ.

ಎಳ್ಳಮವಾಸ್ಯೆಯ ಹಿಂದಿನ ದಿನ ಮಡಿಯನ್ನೆಲ್ಲ ಕಿತ್ತು ನೋಡಿದರೆ ಇಲಿಬಾಲದಂಥ ಬೇರು. ನಲ್ಲಿಯ ಹತ್ತಿರ ನಾಲ್ಕು ಹೆಂಗಸರ ಎದುರಿಗೇ ಅಂದೆ:

“ಆಕಿ ತವರ ಬೀಜಾನ ಖೊಟ್ಟಿ ಅದಾವ.”

ಸವಿತಾ ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಹೋದಳು. ಆಮೇಲೆ ತವರಿನ ಮಾತೇ ತೆಗೆಯಲಿಲ್ಲ. ತಾಯಿಯ ಫೋನು ಬಂದರೆ, ಶಲಗಮ್ ಸುದ್ದಿ ಕೇಳಿಯಾಳೆಂದು, ಬೇಗ ಇಟ್ಟುಬಿಡುತ್ತಿದ್ದಳು. ನನಗೆ ತಿಳಿಯುತ್ತಿತ್ತು. ಆದರೂ ಯಾರು ಕೇಳಿದರೂ ತಪ್ಪನ್ನು ಬೀಜದ ಮೇಲೇ ಹಾಕಿದೆ.

ಮೊನ್ನೆ ಬೇಲಿ ಸರಿಮಾಡಲು ಜಾಲಿಮುಳ್ಳು ಸರಿಸಿದೆ. ಬುಡದಲ್ಲಿ ಒಂದೇ ಒಂದು ಶಲಗಮ್, ಮುಳ್ಳಿಗೆ ಹೆದರಿ ನನ್ನ ಕೈ ಹೋಗದಿದ್ದ ಜಾಗದಲ್ಲಿ. ಎರೆಮಣ್ಣನ್ನು ಸೀಳಿ ಹೆಗಲು ಹೊರಗೆ ಹಾಕಿತ್ತು. ಮೇಲೆ ನೇರಳೆ, ಕೆಳಗೆ ಹಾಲಿನ ಬಿಳುಪು. ನಾನು ಅಲ್ಲೇ ಕುಳಿತುಬಿಟ್ಟೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಅರವತ್ತು ವರ್ಷ ಮಣ್ಣಲ್ಲಿ ಕೈಯಿಟ್ಟವಳು, ಆದರೂ ಇದನ್ನು ಕಂಡಿರಲಿಲ್ಲ: ಮೇಲೆ ನಿಂತ ಎಲೆ ಬಿಸಿಲು ಉಣ್ಣುತ್ತದೆ, ಉಂಡದ್ದನ್ನು ಬಚ್ಚಿಟ್ಟುಕೊಳ್ಳದೆ ಕತ್ತಲಲ್ಲಿರುವ ಬೇರಿಗೆ ಇಳಿಸುತ್ತದೆ, ಸಾಸಿವೆಗಿಂತ ಸಣ್ಣದೊಂದು ಜೀವ ಯಾರ ಕಣ್ಣಿಗೂ ಬೀಳದೆ, ಗುದ್ದಲಿಗೂ ಬಗ್ಗದ ಈ ನೆಲವನ್ನು ಇಷ್ಟಿಷ್ಟೇ ಪಕ್ಕಕ್ಕೆ ಸರಿಸುತ್ತ ದುಂಡಗಾಗುತ್ತದೆ. ಮಡಿಯ ಮಿಕ್ಕ ಗಡ್ಡೆಗಳನ್ನೆಲ್ಲ ನಾನು ಅವು ಹುಟ್ಟುವ ಮೊದಲೇ ರೊಟ್ಟಿಯಲ್ಲಿ ಸುತ್ತಿ ತಿಂದು ಮುಗಿಸಿದ್ದೆ.

ಸವಿತಾಳನ್ನು ಕರೆದು ತೋರಿಸಿದೆ. ಗಡ್ಡೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಆಯಿ, ಇದೊಂದು ನಿಮ್ಮ ಹಲ್ಲಿಗೆ ಸಿಕ್ಕಿಲ್ಲ ನೋಡ್ರಿ.”

ಮರುದಿನ ಬೆಳಿಗ್ಗೆ ಅದನ್ನು ಕಿತ್ತು ಉಡಿಯಲ್ಲಿ ಹಾಕಿಕೊಂಡು ನಲ್ಲಿಗೆ ಹೋದೆ. ಅದೇ ಹೆಂಗಸರ ಎದುರು ಕಟ್ಟೆಯ ಮೇಲಿಟ್ಟು, “ಬೀಜ ಖರೇನ ಅದಾವ. ಎಲಿ ತಿಂದು ಕೆಡಿಸಿದಾಕಿ ನಾ,” ಅಂದೆ. ಮನೆಗೆ ಬಂದಾಗ ಸವಿತಾ ತಾನಾಗಿ ತವರಿಗೆ ಫೋನು ಹಚ್ಚಿದ್ದಳು. ನಾನು ತಾಟು ಹಾಕಿಕೊಂಡು ಕುಳಿತು, ರೊಟ್ಟಿಯನ್ನು ಬರೀ ಹಿಂಡಿಯ ಜೊತೆ ತಿಂದೆ.