ಹಸನಾಕರ ಕಾರ್ಡು, ನಮ್ಮ ಹುಡುಕುಪೆಟ್ಟಿಗೆ

ಮೊನ್ನೆ ಸಾರಿನ ಒಗ್ಗರಣೆಗೆ ನಾಲ್ಕು ಎಸಳು ಬೆಳ್ಳುಳ್ಳಿ ತರಲು ಹೆಂಡತಿ ಹೇಳಿದಳು. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಇರುವುದು ಮೊಳದುದ್ದದ ಒಂದು ಮರದ ಡ್ರಾಯರಿನಲ್ಲಿ. ಕೈ ಹಾಕಿದಾಗ ತಳದ ಸಂದಿಯಲ್ಲಿ ಏನೋ ತಾಗಿತು. ಚೂರಿಯ ತುದಿಯಿಂದ ಎಬ್ಬಿಸಿ ನೋಡಿದರೆ ಹಳದಿಗಟ್ಟಿದ ಒಂದು ಕಾರ್ಡು. ಬೆಳ್ಳುಳ್ಳಿಯ ಘಾಟಿನ ಅಡಿಯಲ್ಲಿ ಮೈದಾ ಗೋಂದಿನ ಹುಳಿ ವಾಸನೆ ಇನ್ನೂ ಇತ್ತು. ಎದುರಿನ ಬದಿಯಲ್ಲಿ ನನ್ನ ಹೆಸರು, ನಾನು ಹರೆಯದಲ್ಲಿ ಬರೆದ ಒಂದು ಲೇಖನದ ಹೆಸರು, ಸಂಚಿಕೆಯ ಸಂಖ್ಯೆ. ಹಿಂಬದಿಯಲ್ಲಿ ಅದೇ ಗುಂಡು ಅಕ್ಷರದಲ್ಲಿ ಹೀಗಿತ್ತು: 'ಕೇಳಿದವರು: ಲೇಖಕರು. ಲೇಖಕರು. ಪುನಃ ಲೇಖಕರು.'

ನಗಬೇಡಿ. ನಕ್ಕರೂ ಪರವಾಗಿಲ್ಲ, ಹೆಂಡತಿ ಆಗಲೇ ನಕ್ಕಾಗಿದೆ.

ಅದನ್ನು ಬರೆದವರು ಹಸನಾಕ. ರಿಜಿಸ್ಟರಿನಲ್ಲಿ ಹಸನಬ್ಬ, ಊರಿಗೆಲ್ಲ ಹಸನಾಕ. ಮಂಗಲ್ಪಾಡಿಯ ನಮ್ಮ ವಾಚನಾಲಯಕ್ಕೆ ಬೆಳಿಗ್ಗೆ ಬಂದರೆ ಅವರು ಸಿಗುತ್ತಿರಲಿಲ್ಲ, ಆಗ ಅವರು ಉಪ್ಪಳ ಪೇಟೆಯಲ್ಲಿ ದರ್ಜಿ. ಸಂಜೆ ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆಯಲೂ ಮರೆತು ಬಂದು ಕುಳಿತರೆಂದರೆ ಗ್ರಂಥಪಾಲಕ. ವಾಚನಾಲಯಕ್ಕೊಂದು ತ್ರೈಮಾಸಿಕವಿತ್ತು. ಅದರ ಸಂಪಾದಕರು, ಬೈಂಡಿನವರು, ಮನೆ ಮನೆಗೆ ಹಂಚುವವರು ಎಲ್ಲವೂ ಅವರೇ. ಹೆಸರು ಮಾತ್ರ ಎಲ್ಲಿಯೂ ಇಲ್ಲ. ಬಂದ ಪ್ರತಿ ಬರಹಕ್ಕೂ ಒಂದು ಕಾರ್ಡು ಮಾಡಿ ಡ್ರಾಯರಿನಲ್ಲಿ ಇಡುತ್ತಿದ್ದರು. ಎಲ್ಲ ಗ್ರಂಥಾಲಯಗಳಲ್ಲೂ ಇರುವ ಪದ್ಧತಿಯೇ. ಆದರೆ ಕಾರ್ಡಿನ ಹಿಂಬದಿಯಲ್ಲಿ 'ಕೇಳಿದವರು' ಎಂದು ಬರೆದಿಡುವ ಕ್ರಮವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

"ಇದು ಎಂತಕ್ಕೆ ಹಸನಾಕ?" ಎಂದು ಒಮ್ಮೆ ಕೇಳಿದ್ದೆ.

"ಬರೆದದ್ದು ಯಾರಂತ ಎದುರು. ಬೇಕಾದ್ದು ಯಾರಿಗಂತ ಹಿಂದೆ. ಎದುರು ಎಲ್ಲರಿಗೂ ಉಂಟು. ಹಿಂದೆ ಉಂಟಾ ಅಂತ ನೋಡ್ಬೇಕು."

"ನನ್ನದಕ್ಕೆ ಉಂಟಾ?"

"ಈಗ ನೀನು ಕೇಳಿದಿಯಲ್ಲ, ಬರೆದುಕೊಳ್ತೇನೆ," ಎಂದರು. ಬರೆದುಕೊಂಡಿದ್ದಾರೆಂದು ಗೊತ್ತಾದದ್ದು ಮೊನ್ನೆ.

ಹಸನಾಕ ತೀರಿಹೋದ ಮೇಲೆ ನಾವು ವಿದ್ಯಾವಂತರು ವಾಚನಾಲಯವನ್ನು ಕೈಗೆತ್ತಿಕೊಂಡೆವು. ಬೀಡಿ ಕಂಟ್ರಾಕ್ಟರ್ ರೈಗಳು ಅಧ್ಯಕ್ಷರಾದರು. ಸಹಕಾರಿ ಬೇಂಕಿನಿಂದ ನಿವೃತ್ತನಾಗಿ ಮಾಡಲು ಕೆಲಸವಿಲ್ಲದೆ, ಮಾಡುವವರ ತಪ್ಪು ಹಿಡಿಯುತ್ತಿದ್ದ ನಾನು ಕಾರ್ಯದರ್ಶಿಯಾದೆ. ನಮ್ಮ ಕಡೆಯ ಆಮಂತ್ರಣ ಪತ್ರಿಕೆ ನೀವು ನೋಡಿರಬಹುದು. ಕಾರ್ಯಕ್ರಮ ಎಂತ, ಎಷ್ಟು ಗಂಟೆಗೆ ಎಂಬುದನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ಉಳಿದ ಜಾಗವೆಲ್ಲ ಗೌರವಾಧ್ಯಕ್ಷರು, ಉಪಾಧ್ಯಕ್ಷರು, ಸಲಹೆಗಾರರು, ಸರ್ವ ಸದಸ್ಯರು. ಒಂದು ಹೆಸರು ಬಿಟ್ಟುಹೋದರೆ ಆ ಮನೆಯವರು ಮೂರು ತಲೆಮಾರು ಮಾತು ಬಿಡುತ್ತಾರೆ. ನಮ್ಮ ಸಮಿತಿಯೂ ಅದೇ ಅಚ್ಚಿನದು. ಓದುವವರಿಗಿಂತ ಪದಾಧಿಕಾರಿಗಳೇ ಹೆಚ್ಚು.

ಇಂಥ ನಾವು ಒಂದು ದಿನ ವೆಬ್‌ಸೈಟ್ ಮಾಡಿದೆವು. ನಾಲ್ಕು ಮಂದಿ ಟೀಚರ್‌ಗಳು ರಜೆ ರಜೆ ಕುಳಿತು ತ್ರೈಮಾಸಿಕದ ಎಲ್ಲ ಸಂಚಿಕೆಗಳನ್ನು ಟೈಪು ಮಾಡಿಕೊಟ್ಟರು. ಆ ನಾಲ್ವರ ಹೆಸರು ಮಾತ್ರ ವೆಬ್‌ಸೈಟಿನಲ್ಲಿ ಇಲ್ಲ, ಅವರು ಪದಾಧಿಕಾರಿಗಳಲ್ಲವಲ್ಲ! ಬಳಿಕ ಸಮಿತಿ ತೀರ್ಮಾನಿಸಿತು: ಎಲ್ಲವೂ ಕಂಪ್ಯೂಟರಿಗೆ ಹೋಗಿರುವುದರಿಂದ ಹಳೆಯ ಸಂಚಿಕೆಗಳನ್ನೂ ಕಾರ್ಡುಗಳನ್ನೂ ಗುಜರಿಗೆ ಹಾಕಿ, ತೆರವಾದ ಜಾಗದಲ್ಲಿ ಸಮಿತಿಗೆ ಸಿಕ್ಕಿದ ಸ್ಮರಣಿಕೆಗಳಿಗೆ ಗಾಜಿನ ಕಪಾಟು ಮಾಡಿಸುವುದು. ಆ ತೀರ್ಮಾನದ ಕೆಳಗಿರುವ ರುಜು ನನ್ನದು. ಕಾರ್ಡುಗಳನ್ನು ಗೋಣಿಗೆ ಸುರಿದಾದ ಮೇಲೆ ಖಾಲಿ ಡ್ರಾಯರೊಂದು ಚಂದ ಕಂಡಿತು, ಮನೆಗೆ ತಂದೆ. ಅದರಲ್ಲೀಗ ಬೆಳ್ಳುಳ್ಳಿ.

ಹುಡುಕುವ ವ್ಯವಸ್ಥೆ ಬೇಕಲ್ಲ? ಅದಕ್ಕೆ ಸಿಕ್ಕಿದವನು ಶರೀಫ್. ಇಪ್ಪತ್ತು ವರ್ಷ ಗಲ್ಫಿನ ಕಂಪೆನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದು ಊರಿಗೆ ಮರಳಿದವನು, ಸಮಾಧಾನದ ಮನುಷ್ಯ. ಓಪನ್ ಸೋರ್ಸ್ ಸರ್ಚ್ ಸಾಫ್ಟ್‌ವೇರ್ ಒಂದಿದೆ, ಅದು ನಮ್ಮ ಸೈಟಿನ ಪುಟಗಳನ್ನೆಲ್ಲ ಒಂದೊಂದಾಗಿ ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂದು ಇಂಡೆಕ್ಸ್ ಮಾಡಿಟ್ಟುಕೊಳ್ಳುತ್ತದೆ, ಕೇಳಿದ ಕೂಡಲೇ ತೆಗೆದುಕೊಡುತ್ತದೆ ಎಂದು ಸಭೆಯಲ್ಲಿ ವಿವರಿಸಿದ.

"ಎಷ್ಟಾಗ್ತದೆ?" ರೈಗಳು ಕೇಳಿದರು.

"ಪುಕ್ಕಟೆ, ರೈಗಳೇ."

"ಪುಕ್ಕಟೆ ಯಾರು ಕೊಡ್ತಾರೆ ಮಾರಾಯ? ಒಳಗೆ ಎಂತದೋ ಉಂಟು."

"ಒಳಗೆ ಎಂತ ಉಂಟಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು. ಓಪನ್ ಅಂದ್ರೆ ಅದೇ."

"ಹಾಗಾದ್ರೆ ಕಳ್ಳರೂ ಬಿಚ್ಚುವುದಿಲ್ವಾ?"

"ಕದಿಯಲಿಕ್ಕೆ ನಮ್ಮಲ್ಲಿ ಎಂತ ಉಂಟು? ಕಪಾಟಿನ ಸ್ಮರಣಿಕೆಯಾ?"

ಉದ್ಘಾಟನೆಯ ದಿನ ರೈಗಳು ದೀಪ ಬೆಳಗಿಸಿ, ವೆಬ್‌ಸೈಟಿನ ಹುಡುಕುಪೆಟ್ಟಿಗೆಯಲ್ಲಿ ಒಂದೇ ಬೆರಳಿನಲ್ಲಿ ತಮ್ಮ ಹೆಸರು ಟೈಪು ಮಾಡಿದರು. ಪರದೆಯ ತುಂಬ ಫಲಿತಾಂಶ! ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಬಳಿಕ ಯಾರೂ ನೋಡದಂತೆ ನನ್ನ ಹೆಸರನ್ನೂ ಹಾಕಿದೆ. ನನಗೂ ಅವರಷ್ಟೇ ಫಲಿತಾಂಶ. ಹರೆಯದಲ್ಲಿ ಒಂದೇ ಲೇಖನ ಬರೆದ ನಾನು ಪ್ರತಿ ಪುಟದಲ್ಲೂ ಹೇಗೆ ಇದ್ದೇನೆಂದು ಯೋಚಿಸಬೇಕೆಂದು ಕೂಡ ನನಗೆ ತೋಚಲಿಲ್ಲ. ಇರುವುದು ನ್ಯಾಯವೇ ಅನ್ನಿಸಿತು.

ಸುಮಾರು ಒಂದು ತಿಂಗಳ ಬಳಿಕ ಜಯಂತಿ ಟೀಚರ್ ಬಂದರು. ಟೈಪು ಮಾಡಿದ ನಾಲ್ವರಲ್ಲಿ ಒಬ್ಬರಲ್ಲ, ಪಕ್ಕದ ಕನ್ನಡ ಶಾಲೆಯವರು. ಅವರ ತಾಯಿ ಕಮಲಕ್ಕನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಎದುರು ನಿಂತವರ ಗುರುತು ಹತ್ತುತ್ತದೆಯೋ ಇಲ್ಲವೋ ಎಂಬುದೂ ತಿಳಿಯದು.

"ಅಮ್ಮ ಹಿಂದೆ ಬೀಡಿ ಕಟ್ಟುತ್ತಾ ಇದ್ದರು ಸರ್. ಆಗ ಹಸನಾಕ ಒತ್ತಾಯ ಮಾಡಿ ಅವರಿಂದ ಒಂದು ಲೇಖನ ಬರೆಸಿದ್ದರಂತೆ. ನಾನು ಓದಿಲ್ಲ, ಹೆಸರೂ ಗೊತ್ತಿಲ್ಲ. 'ಹಸನಾಕನಲ್ಲಿ ಉಂಟು, ಬೇಕಾದ್ರೆ ಕೇಳು' ಅಂತ ಅಮ್ಮ ಹೇಳ್ತಾ ಇದ್ರು. ಕೇಳ್ಲಿಲ್ಲ. ಡಾಕ್ಟ್ರು ಹೇಳಿದ್ರು, ಅವರಿಗೆ ಗೊತ್ತಿರುವ ಮಾತು ಕಿವಿಗೆ ಬೀಳ್ತಾ ಇರ್ಲಿ ಅಂತ. ಅವರದ್ದೇ ಮಾತು ಓದಿ ಹೇಳುವ ಅಂತ..."

"ಅದಕ್ಕೆಂತ, ಸರ್ಚ್ ಉಂಟಲ್ಲ!" ಎಂದೆ ಜಂಬದಿಂದ.

"ಸರ್ಚಿನಲ್ಲಿ ಒಂದು ವಾರದಿಂದ ಹುಡುಕ್ತಾ ಇದ್ದೇನೆ. ಬೀಡಿ ಅಂತ ಹಾಕಿದ್ರೆ ಎಲ್ಲಾ ಪುಟವೂ ಬರ್ತದೆ. ಭತ್ತದ ಗದ್ದೆಯ ಲೇಖನ ಬರ್ತದೆ, ಮಧೂರು ದೇವಸ್ಥಾನದ ಲೇಖನ ಬರ್ತದೆ, ನೆಕ್ರಾಜೆಯ ಹಸು ಮಾರಿದ ಕತೆಯೂ ಬರ್ತದೆ."

ನಾನು ಹಾಕಿ ನೋಡಿದೆ. ಹೌದು. ಎಲ್ಲಕ್ಕಿಂತ ಮೇಲೆ ಬಂದದ್ದು ರೈಗಳ ಸ್ವಾಗತ ಭಾಷಣ. ಶರೀಫನನ್ನು ಕರೆಸಿ, ನಿನ್ನ ಪುಕ್ಕಟೆ ಸಾಫ್ಟ್‌ವೇರಿಗೆ ತಲೆ ಕೆಟ್ಟಿದೆ ಎಂದು ಗದರಿದೆ. ಅವನು ಒಂದು ಪುಟ ತೆರೆದು ಕೆಳಗೆ ಬೆರಳು ತೋರಿಸಿದ. 'ಅಧ್ಯಕ್ಷರು: ಶ್ರೀ ಸಂಜೀವ ರೈ, ಬೀಡಿ ಕಂಟ್ರಾಕ್ಟರ್.' ಅದರ ಕೆಳಗೆ ನಾನು, ನನ್ನ ಕೆಳಗೆ ಉಳಿದ ಸರ್ವರೂ. ಪ್ರತಿ ಪುಟದ ಅಡಿಯಲ್ಲೂ ಇಡೀ ಆಮಂತ್ರಣ ಪತ್ರಿಕೆ!

"ಇದಕ್ಕೆ ತಲೆ ಸರಿ ಉಂಟು ಸರ್," ಎಂದ. "ಪುಟದಲ್ಲಿ ಇದ್ದದ್ದನ್ನು ಓದಿದೆ. ಪ್ರತಿ ಪುಟದಲ್ಲೂ ಬೀಡಿ ಉಂಟು, ಪ್ರತಿ ಪುಟದಲ್ಲೂ ನೀವು ಇದ್ದೀರಿ. ನೀವೇ ಹೇಳಿದ್ದಲ್ವಾ, ಹೆಸರು ಎಲ್ಲಾ ಪುಟದಲ್ಲೂ ಬರ್ಬೇಕಂತ?"

ನಾನೇ ಹೇಳಿದ್ದು. ಬರವಣಿಗೆಯಲ್ಲೇ ಹೇಳಿದ್ದೆ.

ಪರಿಹಾರ ಸುಲಭವಿತ್ತು. ಅಡಿಯ ಆ ಭಾಗವನ್ನು ಓದಬೇಡ ಎಂದು ಸಾಫ್ಟ್‌ವೇರಿಗೆ ಹೇಳಿ, ಪುನಃ ಇಂಡೆಕ್ಸ್ ಮಾಡಿಸಿದರಾಯಿತು. ಆದರೆ ಸಮಿತಿಯ ಒಪ್ಪಿಗೆ ಬೇಕಲ್ಲ? ತುರ್ತು ಸಭೆ ಕರೆದೆವು. ಜಯಂತಿ ಟೀಚರ್ ಬಾಗಿಲ ಬಳಿ ಕುಳಿತಿದ್ದರು.

"ಹಾಗೆ ಮಾಡಿದ್ರೆ ನಮ್ಮ ಹೆಸರು ಹುಡುಕಿದವರಿಗೆ ಸಿಗ್ತದಾ?" ರೈಗಳ ಮೊದಲ ಪ್ರಶ್ನೆ.

"ಪುಟದಲ್ಲಿ ಕಾಣ್ತದೆ, ರೈಗಳೇ. ಸರ್ಚಿನಲ್ಲಿ ಬರುವುದಿಲ್ಲ."

"ಹಾಗಾದ್ರೆ ಸರ್ಚ್ ಎಂತಕ್ಕೆ?"

"ಟೀಚರ್ರು ಬೇರೆ ಪದ ಹಾಕಿ ಹುಡುಕಲಿ," ಎಂದರು ಉಪಾಧ್ಯಕ್ಷರೊಬ್ಬರು. "ಒಬ್ಬರಿಗೆ ಬೇಕಂತ ಎಲ್ಲರ ಹೆಸರು ತೆಗೀಲಿಕ್ಕೆ ಆಗ್ತದಾ?"

ಆಗ ಶರೀಫ್ ಜೇಬಿನಿಂದ ಒಂದು ಹಾಳೆ ತೆಗೆದ. "ಯಾರು ಎಂತ ಹುಡುಕಿದ್ರು ಅಂತ ಸಾಫ್ಟ್‌ವೇರ್ ಒಂದು ಪಟ್ಟಿ ಇಡ್ತದೆ. ಒಂದು ತಿಂಗಳಿನದ್ದು ಓದ್ತೇನೆ." ಓದತೊಡಗಿದ. "ಸಂಜೀವ ರೈ. ಸಂಜೀವ ರೈ. ಸಂಜೀವ ರೈ ಫೋಟೋ." ಬಳಿಕ ನನ್ನ ಹೆಸರು. ಪುನಃ ನನ್ನ ಹೆಸರು. ಬಳಿಕ ಉಪಾಧ್ಯಕ್ಷರದ್ದು, ಸಲಹೆಗಾರರದ್ದು. ನಿಲ್ಲಿಸು ಎಂದು ಹೇಳಲು ಎಲ್ಲರಿಗೂ ಮನಸ್ಸಿತ್ತು, ಹೇಳಿದರೆ ಮುಂದಿನದು ತನ್ನದೆಂದು ಒಪ್ಪಿದಂತೆ! ಕೊನೆಯಲ್ಲಿ ಅವನ ಸ್ವರ ತಗ್ಗಿತು. "ಬೀಡಿ. ಬೀಡಿ ಕಮಲ. ಕಮಲಮ್ಮ ಲೇಖನ. ಬೀಡಿ ಎಲೆ. ಅಮ್ಮ ಬೀಡಿ." ಹಾಳೆ ಮಡಚಿದ. "ನಮ್ಮ ಹೆಸರು ಅಲ್ಲದ್ದನ್ನು ಹುಡುಕಿದ್ದು ಇಡೀ ತಿಂಗಳಲ್ಲಿ ಒಬ್ಬರೇ."

ಜಯಂತಿ ಟೀಚರ್ ತಲೆ ತಗ್ಗಿಸಿ ಕುಳಿತಿದ್ದರು, ತಪ್ಪು ತಮ್ಮದೆನ್ನುವಂತೆ. ನನಗೆ ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡ ಒಬ್ಬರು ನೆನಪಾದರು. "ಹಿಂದೆ ಉಂಟಾ ಅಂತ ನೋಡ್ಬೇಕು." ನಾನು ಎದ್ದು, "ಶರೀಫ್, ತೆಗೆಯುವುದನ್ನು ನನ್ನ ಹೆಸರಿನಿಂದಲೇ ಶುರು ಮಾಡು. ನಡಾವಳಿ ಪುಸ್ತಕ ನನ್ನ ಕೈಯಲ್ಲಿ ಉಂಟು, ತೀರ್ಮಾನ ನಾನು ಬರೀತೇನೆ," ಎಂದೆ. ಇದನ್ನು ದೊಡ್ಡ ಧೈರ್ಯವೆಂದು ತಿಳಿಯಬೇಡಿ. ಪಟ್ಟಿಯಲ್ಲಿ ಎರಡು ಸಲ ಸಿಕ್ಕಿಬಿದ್ದವನಿಗೆ ಇನ್ನು ಕಳೆಯಲು ಮಾನ ಎಲ್ಲಿಂದ? ರೈಗಳು ಚಾವಣಿಯ ಫ್ಯಾನನ್ನು ನೋಡುತ್ತಾ, "ಏನಾದ್ರೂ ಮಾಡಿ," ಎಂದರು.

ಒಂದು ಚಾ ಕುಡಿಯುವಷ್ಟರಲ್ಲಿ ಯಂತ್ರ ಎಲ್ಲವನ್ನೂ ಮೊದಲಿನಿಂದ ಓದಿ ಮುಗಿಸಿತು. 'ಬೀಡಿ' ಎಂದು ಹಾಕಿದಾಗ ಬಂದದ್ದು ಏಳೇ ಪುಟ. ಮೂರನೆಯದರ ಲೇಖಕರ ಜಾಗದಲ್ಲಿ ಹೆಸರಿಲ್ಲ, 'ಒಬ್ಬಳು ಬೀಡಿ ಕಟ್ಟುವವಳು' ಎಂದಿತ್ತು. ಜಯಂತಿ ಟೀಚರ್ ಗಟ್ಟಿಯಾಗಿ ಓದಿದರು. ಕಟ್ಟಿದ ಬೀಡಿ ಒಪ್ಪಿಸುವ ಬ್ರೇಂಚಿನಲ್ಲಿ ಕಂಟ್ರಾಕ್ಟರರು ಸರಿಯಿಲ್ಲವೆಂದು ಬದಿಗೆ ತಳ್ಳಿದ ಬೀಡಿ, ಅವರ ಮನೆಯ ಜಗಲಿಯಲ್ಲಿ ಸೇದುವಾಗ ಹೇಗೆ ಸರಿಯಾಗುತ್ತದೆ ಎಂದು ಆಕೆ ಕೇಳಿದ್ದರು. ರೈಗಳ ತಂದೆ ಕಂಟ್ರಾಕ್ಟರ್ ಆಗಿದ್ದ ಕಾಲದ ಮಾತು. ರೈಗಳು ಚಾ ತಣಿಯಿತೆಂದು ಎದ್ದು ಹೋದರು. ಟೀಚರ್ ಓದುತ್ತಲೇ ಇದ್ದರು: "ಮಗು ಎದ್ದರೆ ಕೆಲಸ ನಿಲ್ಲುತ್ತದೆ. ಆದುದರಿಂದ ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡಿದ್ದೇನೆ. ಕೈ ಬೀಡಿಗೆ, ಕಾಲು ಮಗುವಿಗೆ..."

ಅಲ್ಲಿ ನಿಲ್ಲಿಸಿದರು. "ಆ ಮಗು ನಾನು ಸರ್. ನಾನೊಬ್ಬಳೇ ಅವರಿಗೆ."

ಮರುದಿನ ಶಾಲೆಯ ಗೇಟಿನಲ್ಲಿ ಸಿಕ್ಕಾಗ, ಏನಾಯಿತೆಂದು ಕೇಳಲು ಅಂಜಿದೆ. ಅವರೇ ಹೇಳಿದರು. "ಓದಿ ಹೇಳಿದೆ. ಅಮ್ಮ ಎಂತದೂ ಮಾತಾಡಲಿಲ್ಲ. ಆದ್ರೆ ತೊಟ್ಟಿಲಿನ ಜಾಗ ಬಂದಾಗ ಕಾಲಿನ ಹೆಬ್ಬೆರಳು ಆಡಿಸಿದರು. ನಾನು ಓದಿ ಮುಗಿಸಿದ್ರೂ ನಿಲ್ಲಿಸಲಿಲ್ಲ ಸರ್, ತೂಗ್ತಾನೇ ಇದ್ರು."

ಇದೆಲ್ಲ ಕಳೆದ ವರ್ಷದ್ದು. ಗಾಜಿನ ಕಪಾಟು ಈಗಲೂ ಇದೆ, ಧೂಳು ಹೊಡೆಯಲು ಒಂದು ಉಪಸಮಿತಿಯೂ ಇದೆ. ಮೊನ್ನೆ ಕಾರ್ಡು ಸಿಕ್ಕಿದ ಮೇಲೆ ಕುತೂಹಲದಿಂದ ಹುಡುಕುಪೆಟ್ಟಿಗೆಯಲ್ಲಿ 'ಹಸನಬ್ಬ' ಎಂದು ಹಾಕಿದೆ. ಏನೂ ಸಿಗಲಿಲ್ಲ. ಅಷ್ಟು ಸಂಚಿಕೆ ಹೊಲಿದ ಮನುಷ್ಯ ತನ್ನ ಹೆಸರನ್ನು ಒಂದು ಕಡೆಯೂ ಬಿಟ್ಟಿರಲಿಲ್ಲ. ನನ್ನ ಹೆಸರು ಹಾಕಬೇಕೆಂದು ಬೆರಳು ತುರಿಸಿತು. ಪಟ್ಟಿ ನೆನಪಾಗಿ ಮುಚ್ಚಿದೆ.

ಪೇಟೆಯಿಂದ ಕಾರ್ಡುಗಳ ಒಂದು ಕಟ್ಟು ತಂದೆ. ಮೊದಲನೆಯದರ ಎದುರಿನಲ್ಲಿ ಬರೆದೆ: 'ಒಬ್ಬಳು ಬೀಡಿ ಕಟ್ಟುವವಳು.' ಹಿಂದೆ: 'ಕೇಳಿದವರು: ಮಗಳು.'

"ಬೆಳ್ಳುಳ್ಳಿಗೆ ಬೇರೆ ಡಬ್ಬಿ ನೋಡು, ಡ್ರಾಯರು ವಾಚನಾಲಯಕ್ಕೆ ಹೋಗ್ತದೆ," ಎಂದೆ ಹೆಂಡತಿಯಲ್ಲಿ.

"ಒಂದು ಕಾರ್ಡಿಗೆ ಇಷ್ಟು ದೊಡ್ಡ ಡ್ರಾಯರಾ?"

"ಎರಡು ಉಂಟು," ಎಂದೆ. ನನ್ನದನ್ನು ಕಮಲಕ್ಕನದರ ಹಿಂದೆ ಇಟ್ಟು ಡ್ರಾಯರನ್ನು ಹೆಗಲಿಗೇರಿಸಿಕೊಂಡೆ.