ನಿಲ್ಲಿಸಲು ಬಾರದ ಸನಾದಿ

ನನಗೆ ಸಿಟ್ಟು ಬೇಗ ಬರುತ್ತದೆ, ಕುತೂಹಲ ಅದಕ್ಕಿಂತ ಬೇಗ. ಮನೆಯಲ್ಲಿ ಇದಕ್ಕೆ ಮೂಗು ತೂರಿಸುವ ಚಾಳಿ ಎನ್ನುತ್ತಾರೆ. ಅನ್ನಲಿ ಬಿಡಿ. ಮಕ್ಕಳಿಗೆ ಪಿಟೀಲು ಕಲಿಸಿ ಹೊಟ್ಟೆ ಹೊರೆಯುವವಳಿಗೆ ಮೂಗು ಸ್ವಲ್ಪ ಉದ್ದ ಇರದಿದ್ದರೆ ಕೆಲಸ ಸಾಗುವುದಿಲ್ಲ. ಈ ಹುಡುಗ ಯಾಕೆ ತಾಳ ತಪ್ಪುತ್ತಾನೆ ಎಂದು ಹುಡುಕುತ್ತ ಹೋದರೆ ಕೆಲವು ಸಲ ತಪ್ಪು ಅವನ ಕೈಯಲ್ಲಿ ಸಿಗುತ್ತದೆ, ಕೆಲವು ಸಲ ಅವನ ಮನೆಯಲ್ಲಿ.

ನಮ್ಮ ಪ್ರೌಢಶಾಲೆ ಕೊಟ್ಟೂರಿನ ಅಂಚಿಗಿದೆ. ಉಳಿದ ಶಾಲೆಗಳಲ್ಲಿರುವಂತೆ ಲೆಕ್ಕ, ವಿಜ್ಞಾನ, ಸಮಾಜ ಎಲ್ಲ ಉಂಟು; ಅದರ ಮೇಲೆ ಸಂಗೀತ. ಮಧ್ಯಾಹ್ನ ಊಟ ಮುಗಿದ ಕೂಡಲೇ ಹಾರ್ಮೋನಿಯಂ, ತಬಲಾ, ಕೊಳಲು, ಪಿಟೀಲು ನಾಲ್ಕೂ ಬೇರೆ ಬೇರೆ ಕೋಣೆಗಳಿಂದ ಒಮ್ಮೆಗೇ ಏಳುತ್ತವೆ. ಪಕ್ಕದ ಹೊಲದಲ್ಲಿ ಮೆಕ್ಕೆಜೋಳ ಮುರಿಯುವ ಹೆಂಗಸರು, "ಶುರುವಾತು ನೋಡ್ರಿ ಇವರ ಸಂತಿ" ಎಂದು ನಗುತ್ತಾರೆ. ಅವರದ್ದೂ ತಪ್ಪಲ್ಲ.

ಈ ಸಂತೆಗೆ ಒಂದು ವರ್ಷ ಸನಾದಿ ಬಂದು ಸೇರಿತು. ಹರಪನಹಳ್ಳಿ ಕಡೆಯಿಂದ ಎಂಟನೆಯ ತರಗತಿಗೆ ಬಂದ ಹುಡುಗಿ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಂದಿದ್ದಳು. ಮದುವೆ, ಗೃಹಪ್ರವೇಶಗಳಿಗೆ ಸನಾದಿ ಊದುವ ಮನೆತನ ಅವಳದು. "ಏನೇನು ಊದ್ತಿ?" ಎಂದು ಕೇಳಿದರೆ, "ರಾಗ ಊದಂಗಿಲ್ರಿ ಮೇಡಂ, ಶ್ರುತಿ ಹಿಡೀತೀನಿ" ಎಂದಳು. ಅಂದರೆ ಅಪ್ಪ ಒಂದು ಸನಾದಿಯಲ್ಲಿ ರಾಗ ನುಡಿಸುವಾಗ ಇವಳು ಪಕ್ಕದಲ್ಲಿ ಕುಳಿತು ಇನ್ನೊಂದರಲ್ಲಿ ಒಂದೇ ಸ್ವರವನ್ನು ಎಳೆದೂ ಎಳೆದೂ ಊದುತ್ತಿರಬೇಕು. ಬಾಯಿಂದ ಗಾಳಿ ಬಿಡುತ್ತಲೇ ಮೂಗಿನಿಂದ ಎಳೆದುಕೊಳ್ಳಬೇಕು, ಎಲ್ಲೂ ಕಡಿಯಬಾರದು. ಆರೇಳು ವರ್ಷದವಳಿದ್ದಾಗಿನಿಂದ ಅವಳು ಮಾಡಿದ್ದು ಅದೊಂದೇ.

ನನಗೆ ಸನಾದಿ ಊದಲು ಬಾರದು. ನಾನು ಪಿಟೀಲಿನಲ್ಲಿ ಒಂದು ಸಾಲು ನುಡಿಸುವುದು, ಅವಳು ಅದನ್ನು ಸನಾದಿಯಲ್ಲಿ ಹುಡುಕಿ ತೆಗೆಯುವುದು, ಹೀಗೆ ಶುರುವಾಯಿತು ಪಾಠ. ಮೊದಮೊದಲು ಕೋಣೆಯಲ್ಲಿ ಆಡುಮರಿ ಕಟ್ಟಿಹಾಕಿದಂಥ ಸದ್ದು. ಆಮೇಲೆ ಎರಡನೆಯ ವರ್ಷದ ಒಂದು ಮಧ್ಯಾಹ್ನ ಅವಳು ಭೀಮಪಲಾಸಿ ರಾಗದ ಒಂದು ಸಾಲು ಎತ್ತಿದಳು ನೋಡಿ, ನಾನು ಕಮಾನು ಕೆಳಗಿಟ್ಟು ಸುಮ್ಮನೆ ಕುಳಿತೆ. ಇಂಥದ್ದು ನನ್ನ ಕೋಣೆಯಲ್ಲಿ ಹುಟ್ಟಿತಲ್ಲ ಎಂದು ಹಿಗ್ಗಿಹೋದೆ.

ಹತ್ತನೆಯ ತರಗತಿಯ ಕೊನೆಗೆ ನಮ್ಮಲ್ಲಿ ವಾದ್ಯದ ಮಕ್ಕಳೆಲ್ಲ ವೇದಿಕೆಯ ಮೇಲೆ ಒಬ್ಬೊಬ್ಬರೇ ನುಡಿಸಬೇಕು. ಒಬ್ಬರಿಗೆ ಏಳು ನಿಮಿಷ; ಗಂಟೆ ಬಾರಿಸಿದ ಮೇಲೂ ನುಡಿಸಿದರೆ ಅಂಕ ಕಡಿತ. ಹೊರಗಿನಿಂದ ಬಂದ ಇಬ್ಬರು ವಿದ್ವಾಂಸರು ಕೇಳಿ, ಇಬ್ಬರು ಮಕ್ಕಳನ್ನು ಆರಿಸುತ್ತಾರೆ. ಆ ಇಬ್ಬರಿಗೆ ಮುಂದೆ ಎರಡು ವರ್ಷ ಹಾಸ್ಟೆಲಿನಲ್ಲಿದ್ದು ವಾದ್ಯವನ್ನೇ ಕಲಿಯುವ ಅವಕಾಶ. ಹುಡುಗಿಗೆ ಆ ಸೀಟು ಬೇಕಿತ್ತು. ಬೇಕಿತ್ತು ಅಂದರೆ ಊಟ ಬಿಟ್ಟು ಅಭ್ಯಾಸಕ್ಕೆ ಕೂರುವಷ್ಟು ಬೇಕಿತ್ತು. "ಸೀಟು ಸಿಕ್ರ ರಾಗ ಊದ್ತೀನ್ರಿ ಮೇಡಂ. ಸಿಗಲಿಲ್ಲಂದ್ರ ಮನಿಗಿ ಹೋಗಿ ಮತ್ತ ಶ್ರುತಿ" ಎಂದಿದ್ದಳು. ಅವಳಿಗೆ ಬೇರೆ ದಾರಿ ಇರಲಿಲ್ಲ.

ಆದರೆ ಅವಳಿಗೆ ನಿಲ್ಲಿಸಲು ಬರುತ್ತಿರಲಿಲ್ಲ.

ತಮಾಷೆಯಲ್ಲ. "ಸಾಕು" ಎಂದರೆ ತಕ್ಷಣ ನಿಲ್ಲಿಸುವಳು. ಅನ್ನದಿದ್ದರೆ ಊದುತ್ತಲೇ ಇರುವಳು. ನುಡಿಸುವುದರ ಕೊನೆಗೆ ಒಂದು ತುಣುಕನ್ನು ಮೂರು ಸಲ ನುಡಿಸಿ ತಾಳದ ಮೊದಲ ಪೆಟ್ಟಿಗೆ ಬಂದು ಬಿದ್ದರೆ ಮುಗಿಯಿತು, ಕೇಳುವವರು ಚಪ್ಪಾಳೆ ತಟ್ಟಬಹುದು. ಅದನ್ನು ತಿಹಾಯಿ ಎನ್ನುತ್ತೇವೆ. ಕಲಿಸಿದೆ. ಮೂರು ಸಲ ಚೆಂದಾಗಿ ನುಡಿಸಿದಳು, ಪೆಟ್ಟಿಗೆ ಸರಿಯಾಗಿ ಬಂದು ಬಿದ್ದಳು, ಬಿದ್ದವಳು ಅಲ್ಲಿಂದಲೇ ಎದ್ದು ಮುಂದಕ್ಕೆ ಹೊರಟಳು! ತಬಲಾದವನು ಕೈ ಎತ್ತಿ ಕುಳಿತಿದ್ದವನು ಗಾಬರಿಯಾಗಿ ಮತ್ತೆ ಹಿಡಿದುಕೊಂಡ. ಎತ್ತು ಏರಿಗೆ, ಕೋಣ ನೀರಿಗೆ. ವಾರಗಟ್ಟಲೆ ಇದೇ ಕಥೆ. ನನಗೆ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

"ಯಾಕ ನಿಲ್ಸಲಿಲ್ಲ?" ಎಂದು ರೇಗಿದೆ.

"ಯಾರೂ ಹೇಳಲಿಲ್ಲಲ್ರಿ."

"ವೇದಿಕಿ ಮ್ಯಾಲ ಯಾರು ಹೇಳ್ತಾರವ್ವ? ನಿನಗ ನೀನ ಹೇಳ್ಕೋಬೇಕು."

"ನನಗ ನಾನ ಹೆಂಗ ಹೇಳ್ಕೊಳ್ಳಿ ಮೇಡಂ?"

ಎದುರುತ್ತರ ಕೊಡುವ ಹುಡುಗಿಯಲ್ಲ ಅವಳು. ನಿಜವಾಗಿಯೂ ತಿಳಿಯದೆ ಕೇಳಿದಳು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು, ಕುತೂಹಲ ಏರಿತು. ಹಾಗಾದರೆ ಇವರ ಮನೆಯಲ್ಲಿ ಸಂಗೀತ ಮುಗಿಯುವುದಾದರೂ ಹೇಗೆ?

ನೋಡಿಯೇ ಬಿಡೋಣ ಎಂದು ಒಂದು ಭಾನುವಾರ ಹಡಗಲಿಯ ಬಸ್ಸು ಹತ್ತಿದೆ. ಅಲ್ಲೊಂದು ಕಲ್ಯಾಣಮಂಟಪದಲ್ಲಿ ಅವಳ ಅಪ್ಪನ ಸನಾದಿ ಇತ್ತು. ಹುಡುಗಿಯೂ ಶ್ರುತಿ ಹಿಡಿಯಲು ಹೋಗಿದ್ದಳು. ಕರೆಯದ ಮದುವೆಗೆ ಹೋಗಲು ನನಗೆ ನಾಚಿಕೆ ಏನೂ ಆಗಲಿಲ್ಲ. ಬಾಗಿಲಲ್ಲಿ ನಿಂತವರು ಗಂಡಿನ ಕಡೆಯವಳೆಂದು ತಿಳಿದು ಮುಡಿಗೆ ಮಲ್ಲಿಗೆ ಕೊಟ್ಟರು, ಮುಡಿದುಕೊಂಡು ಒಳಗೆ ಹೋದೆ.

ಮಂಟಪದ ಬದಿಗೆ ಒಂದು ಜಮಖಾನದ ಮೇಲೆ ಮೂವರು ಕುಳಿತಿದ್ದರು. ನಡುವೆ ಅಪ್ಪ, ಎಡಕ್ಕೆ ಮಗಳು, ಬಲಕ್ಕೆ ಡೋಲು ಹಿಡಿದ ಅವಳ ಕಾಕಾ. ತಾಳಿ ಕಟ್ಟುವ ಹೊತ್ತು ಬಂತು. ಅಪ್ಪ ಜೋರಾಗಿ ಎತ್ತಿದ, ಡೋಲು ಗುಡುಗಿತು, ಅಕ್ಕಿಕಾಳು ಬಿತ್ತು. ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುತ್ತದೆ! ವಿಡಿಯೋದವನು ಕೈ ಅಡ್ಡ ಹಿಡಿದು, "ಇನ್ನೊಮ್ಮಿ ಕಟ್ಟಿದಂಗ ಮಾಡ್ರಿ, ಅಡ್ಡ ಬಂದ್ರಿ ಎಲ್ಲಾರೂ" ಎಂದ. ಮದುಮಗ ಕಟ್ಟಿದ ತಾಳಿಯನ್ನೇ ಹಿಡಿದು ನಕ್ಕ, ಜನ ಮತ್ತೆ ಅಕ್ಕಿಕಾಳು ಹಾಕಿದರು, ಅಷ್ಟೂ ಹೊತ್ತು ಇವರು ಊದುತ್ತಲೇ ಇದ್ದರು. ಕೊನೆಗೆ ವಿಡಿಯೋದವನು ಹೆಬ್ಬೆರಳು ತೋರಿಸಿದ. ಅಪ್ಪ ರಾಗ ಬಿಟ್ಟ. ಮಗಳ ಶ್ರುತಿ ಇನ್ನೂ ನಡೆದೇ ಇತ್ತು. ಅಪ್ಪ ಎಡಗೈಯಿಂದ ಅವಳ ಮೊಣಕಾಲು ಮುಟ್ಟಿದ. ಶ್ರುತಿ ನಿಂತಿತು.

ನನಗೆ ರೋಮಾಂಚನವಾಯಿತು. ಸಿಕ್ಕಿತಲ್ಲ ತಪ್ಪು!

ಊಟದ ಹೊತ್ತಿಗೆ ಅಪ್ಪನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕುಳಿತು ವಿಚಾರಿಸಿದೆ. "ಮುಗಿಸೋದು ನಮ್ಮ ಕೈಯಾಗ ಎಲ್ಲೈತ್ರಿ ಅಕ್ಕೋರ" ಎಂದ ಅವನು. "ಮೊದಲ ಅಕ್ಕಿಕಾಳು ಬಿದ್ರ ನಿಲ್ಸ್ತಿದ್ವಿ. ಈಗ ವಿಡಿಯೋದವ ಬಿಟ್ರ ನಿಲ್ಸ್ತೀವಿ. ಶ್ರುತಿ ಹಿಡಿದೋರು ಹಿರೇರು ಮುಟ್ಟೋತನಕ ಬಿಡಂಗಿಲ್ಲ. ನಡುವ ಕಡೀತಂದ್ರ ಅಪಶಕುನ ಅಂತಾರ."

"ಮತ್ತ ನಿಮ್ಮ ಮಗಳ ರಾಗ ಕೇಳೀರಿಲ್ಲೋ?"

"ಇಲ್ರಿ. ದೊಡ್ಡೋರ ಮುಂದ ಸಣ್ಣೋರು ರಾಗ ಹಿಡಿಯಂಗಿಲ್ಲ ನಮ್ಮಾಗ."

ಆಚೆ ಎಲೆಯಿಂದ ಕಾಕಾ ತಲೆ ಎತ್ತಿದ. "ಹೆಣ್ಣುಮಗಳು ರಾಗ ಹಿಡಿದ್ರ ನಾಳಿ ಯಾರು ಕರೀತಾರ್ರಿ ನಮ್ಮನ್ನ? ಶಾಲ್ಯಾಗ ಏನರ ಮಾಡ್ಕೊಳ್ಳಿ, ಲಗ್ನದಾಗ ಬ್ಯಾಡ" ಎಂದು ಹೋಳಿಗೆಗೆ ತುಪ್ಪ ಕೇಳಿದ. ಹುಡುಗಿ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ನನಗೆ ಉರಿಯಿತು, ಆದರೆ ಪರರ ಮದುವೆಯ ಊಟಕ್ಕೆ ಕುಳಿತು ಜಗಳ ತೆಗೆಯುವಷ್ಟು ಧೈರ್ಯ ಇರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಉಪಾಯ ಹೊಳೆಯಿತು. ಅವಳ ಮೊಣಕಾಲು ಮುಟ್ಟುವವರು ಒಬ್ಬರು ಬೇಕು, ಅಷ್ಟೇ ತಾನೆ? ವೇದಿಕೆಯ ಮೇಲೆ ಶ್ರುತಿಪೆಟ್ಟಿಗೆಯ ಬದಲು ಅಪ್ಪನೇ ಕುಳಿತು ಶ್ರುತಿ ಹಿಡಿಯಲಿ. ನಾನು ಎದುರಿಗೆ ಮೊದಲ ಸಾಲಿನಲ್ಲಿದ್ದು ಏಳು ನಿಮಿಷ ಆಗುತ್ತ ಬಂದಾಗ ಕೈ ಎತ್ತುತ್ತೇನೆ, ಅವನು ಮುಟ್ಟಲಿ, ಇವಳು ತಿಹಾಯಿ ಹಾಕಿ ನಿಲ್ಲಿಸಲಿ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

"ಮಗಳು ರಾಗ ಊದಿದ್ರ ಅಪ್ಪ ಶ್ರುತಿ ಹಿಡಿಯೋದಾ? ಮಂದಿ ನಗ್ತಾರ್ರಿ ಅಕ್ಕೋರ."

"ನಗಲಿ. ಸೀಟು ಬಂದ ಮ್ಯಾಲ ನಾವೂ ನಗೋಣಂತ."

"ಆಕಿ ಖರೇನ ಊದ್ತಾಳೇನ್ರಿ?"

"ಬಂದು ಕೇಳ್ರಿ."

ಬಂದ. ಲಗ್ನದ ಸುಗ್ಗಿಯ ನಡುವೆ ಒಂದು ದಿನ ಬಿಡುವು ಮಾಡಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಒಬ್ಬನೇ ಬಂದ. ಅಭ್ಯಾಸಕ್ಕೆ ಹೊತ್ತಿರಲಿಲ್ಲ; ಬಂದವನು ನೇರ ವೇದಿಕೆ ಹತ್ತಿದ. ಅಪ್ಪ ಮಗಳ ಎಡಕ್ಕೆ ಕುಳಿತಾಗ ಇಬ್ಬರಿಗೂ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ, ಸನಾದಿಗಳು ಒಂದಕ್ಕೊಂದು ತಾಗಿ ಟಕ್ಕೆಂದವು. ಮಕ್ಕಳು ಕಿಸಕ್ಕೆಂದರು. ನಾನು ಹಿಂದೆ ತಿರುಗಿ ಒಂದು ನೋಟ ಬೀರಿದೆ, ಬಾಯಿ ಮುಚ್ಚಿಕೊಂಡರು.

ಅಪ್ಪ ಶ್ರುತಿ ಎತ್ತಿದ. ಅವಳು ಅದರೊಳಗೆ ಕಾಲಿಟ್ಟಳು.

ನಾನು ಅವಳ ಭೀಮಪಲಾಸಿಯನ್ನು ದಿನಾ ಕೇಳಿದವಳು. ಅಂದಿನದು ಬೇರೆ. ಪೆಟ್ಟಿಗೆಯ ಶ್ರುತಿಗೆ ಉಸಿರಿಲ್ಲ. ಇದಕ್ಕೆ ಇತ್ತು, ಅದು ಅವಳ ಅಪ್ಪನದು. ಅವಳು ಸ್ವರ ಹಿಗ್ಗಿಸಿದರೆ ಅವನು ಸಣ್ಣಗಾಗುವನು, ಅವಳು ಮೆಲ್ಲಗಾದರೆ ತುಂಬಿಕೊಡುವನು. ತಬಲಾದವನು ಕೂಡ ಎಂದೂ ಇಲ್ಲದ ಹದದಲ್ಲಿ ನುಡಿಸುತ್ತಿದ್ದ. ಹೊತ್ತು ಹೋದದ್ದೇ ತಿಳಿಯಲಿಲ್ಲ. ತಟ್ಟನೆ ಗಡಿಯಾರ ನೋಡಿಕೊಂಡು ಕೈ ಎತ್ತಿದೆ.

ಅಪ್ಪ ಕಣ್ಣು ಮುಚ್ಚಿದ್ದ.

ಕೈ ಇನ್ನೂ ಮೇಲೆತ್ತಿದೆ. ಎರಡೂ ಕೈ ಎತ್ತಿದೆ. ಹಿಂದಿನ ಸಾಲಿನವರು "ಕುಂದರ್ರಿ ಮೇಡಂ, ಕಾಣಂಗಿಲ್ಲ" ಎಂದರು. ಎಪ್ಪಾ, ಕಣ್ಣು ಬಿಡೋ ಪುಣ್ಯಾತ್ಮ! ವಿದ್ವಾಂಸರು ಗಂಟೆ ಬಾರಿಸಿದರು. ಹುಡುಗಿ ಊದುತ್ತಲೇ ಓರೆಗಣ್ಣಿನಿಂದ ಅಪ್ಪನ ಕೈ ನೋಡಿದಳು. ಕೈ ಸನಾದಿಯ ಮೇಲೇ ಇತ್ತು. ಎರಡನೆಯ ಗಂಟೆಯೂ ಆಯಿತು. ಸೀಟು ಹೋಯಿತು ಎಂದುಕೊಂಡು ಕೈ ಇಳಿಸಿ ಕುಳಿತೆ.

ಆಗ ಅವಳು ನನ್ನನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ನಾನು ಕಲಿಸಿದ ತಿಹಾಯಿಯನ್ನೂ ಹಾಕಲಿಲ್ಲ. ಮೇಲಿನಿಂದ ಒಂದೊಂದೇ ಸ್ವರ ಇಳಿಯುತ್ತ ಬಂದು ಅಪ್ಪನ ಸ್ವರಕ್ಕೆ ತನ್ನದನ್ನು ಸೇರಿಸಿದಳು. ಸ್ವಲ್ಪ ಹೊತ್ತು ಎರಡೂ ಒಂದೇ ಆಗಿ ಕೇಳಿತು. ಆಮೇಲೆ ಸನಾದಿ ಬಾಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ತಬಲಾ ನಿಂತಿತು. ಉಳಿದದ್ದು ಶ್ರುತಿ ಒಂದೇ.

ಅಪ್ಪ ಕಣ್ಣು ಬಿಟ್ಟ. ಬೆಚ್ಚಿ, ತನ್ನದನ್ನೂ ತೆಗೆದ. "ಯಾಕ ನಿಲ್ಸಿದಿ? ನಾ ಮುಟ್ಟೇ ಇಲ್ಲ" ಎಂದ. ಮೈಕು ಅದನ್ನು ಊರಿಗೆಲ್ಲ ಕೇಳಿಸಿತು.

"ಮುಗೀತಪ್ಪಾ" ಎಂದಳು ಅವಳು.

ಸಭೆಯೆಲ್ಲ ನಕ್ಕಿತು, ಆಮೇಲೆ ಚಪ್ಪಾಳೆ ಬಹಳ ಹೊತ್ತು ನಡೆಯಿತು. ಆದರೆ ಚಪ್ಪಾಳೆಗೆ ಅಂಕವಿಲ್ಲ. ಸೀಟು ಒಬ್ಬ ಕೊಳಲಿನವನಿಗೆ, ಒಬ್ಬಳು ಹಾರ್ಮೋನಿಯಂನವಳಿಗೆ ಹೋಯಿತು. ನಾನು ವಿದ್ವಾಂಸರ ಹತ್ತಿರ ಹೋಗಿ ಗಂಟಲು ಹರಿಯುವಂತೆ ಜಗಳವಾಡಿದೆ. "ಚೆಂದ ಊದ್ಯಾಳಮ್ಮ, ಆದ್ರ ಹೊತ್ತು ಎಲ್ಲಾರಿಗೂ ಒಂದೇ ಅಲ್ಲೇನು?" ಎಂದರು ಅವರು. ಅವರು ಹೇಳಿದ್ದು ಸರಿಯೇ ಇತ್ತು. ಅದಕ್ಕೇ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಆ ಸಿಟ್ಟನ್ನು ಹೊತ್ತುಕೊಂಡೇ ಹೊರಗೆ ಬಂದೆ. ಬೇವಿನ ಮರದ ಕಟ್ಟೆಯ ಮೇಲೆ ಅಪ್ಪ ಸನಾದಿಗಳನ್ನು ಒರೆಸುತ್ತಿದ್ದ, ಮಗಳು ಕಾಲು ಇಳಿಬಿಟ್ಟು ಕುಳಿತಿದ್ದಳು. ಅತ್ತಿರಲಿಲ್ಲ. ಅವಳು ಅಳದೆ ಇದ್ದದ್ದನ್ನು ನೋಡಲಾಗದೆ ನಾನು ಅವನ ಮೇಲೆ ಹರಿಹಾಯ್ದೆ. "ಒಮ್ಮಿ ಮುಟ್ಟಿದ್ರ ಸೀಟು ಬರ್ತಿತ್ತಲ್ರಿ! ನಾ ಕೈ ಎತ್ತಿ ಕುಣ್ಯಾಕತ್ತಿದ್ನಿ, ಕಾಣಲಿಲ್ಲೇನು?"

"ಕೈ ಕಾಣಲಿಲ್ರಿ ಅಕ್ಕೋರ, ಕಣ್ಣು ಮುಚ್ಚಿದ್ನಿ" ಎಂದ. ಸನಾದಿಯ ತುದಿಗೆ ಬಾಯಿಟ್ಟು ಊದುವ ಪೀಪಿಯನ್ನು ತೆಗೆದು ಪುಟ್ಟ ಡಬ್ಬಿಗೆ ಹಾಕಿದ. ಆಮೇಲೆ, "ಸುಳ್ಳು ಯಾಕ ಹೇಳ್ಲಿ, ಗಂಟಿ ಕೇಳಿತ್ತು. ಎರಡೂ ಸಲ ಕೇಳಿತ್ತು. ಕೈ ಏಳಲಿಲ್ರಿ" ಎಂದ.

ಮಗಳು ತಿರುಗಿ ಅವನನ್ನೇ ನೋಡಿದಳು.

ಅವನು ಅವಳತ್ತ ನೋಡದೆ ಪಂಚೆ ಹಾಸಿ ಸನಾದಿಗಳನ್ನು ಸುತ್ತತೊಡಗಿದ. "ಸೋಮವಾರ ಹಗರಿಬೊಮ್ಮನಹಳ್ಳ್ಯಾಗ ಲಗ್ನ ಐತಿ. ರಾಗ ನೀ ಊದು."

"ಮತ್ತ ಶ್ರುತಿ?"

"ನಾ ಅದೀನಲ್ಲ."

ಅವಳ ಕಣ್ಣು ಆಗ ತುಂಬಿತು. ಅಂಗೈಯಿಂದ ಒರೆಸಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು: "ಕಾಕಾ ಒಪ್ತಾನೇನಪಾ?"

ಅಪ್ಪ ಪಂಚೆಯ ಗಂಟು ಬಿಗಿದ.

"ನೀ ಊದೋದು ನಿಮ್ಮ ಕಾಕಾ ಇನ್ನೂ ಕೇಳಿಲ್ಲಲ್ಲ ಯವ್ವಾ."